ಚಕ್ರದಡಿಯ ನಿಂಬೆಹಣ್ಣು

"ಇದೇನು, ಉಪ್ಪಿನಕಾಯಿ ಹಾಕೋಕೆ ತಂದ್ಯಾ?" ಎಂದ ಆರುಚ್ಚಾಮಿ.

ಅವನ ಮೇಜಿನ ಮೇಲೆ ಮರಗದಂ ಇಟ್ಟಿದ್ದು ಒಂದೇ ಒಂದು ನಿಂಬೆಹಣ್ಣು. ಅದು ಚಪ್ಪಟೆಯಾಗಿ ಒಣಗಿ, ಹಳೇ ಚಪ್ಪಲಿಯ ತೊಗಲಿನಂತೆ ಕಪ್ಪಿಟ್ಟಿತ್ತು. ಒಂದು ಮಗ್ಗುಲಲ್ಲಿ ಟೈರಿನ ಗೆರೆ ಅಚ್ಚೊತ್ತಿದಂತೆ ಮೂಡಿತ್ತು. ಇನ್ನೊಂದು ಮಗ್ಗುಲಲ್ಲಿ ಕುಂಕುಮದ ಕಲೆ ಇನ್ನೂ ಮಾಸಿರಲಿಲ್ಲ.

"ಉಪ್ಪಿನಕಾಯಿ ಹಾಕೋ ಕಾಲ ಮುಗೀತಣ್ಣ. ಇದರ ಜೊತೆಯವು ಇನ್ನೂ ಮೂರಿವೆ. ಕುಪ್ಪುರಾಜು ಮೇಷ್ಟ್ರ ಕಾರ್ ಶೆಡ್ಡಿನ ನೆಲಕ್ಕೆ ಅಂಟ್ಕೊಂಡಿವೆ. ಫೋಟೋ ತೆಗೆದು, ಮೇಷ್ಟ್ರ ತಂಗಿ ಕೈಲಿ ಸಹಿ ಹಾಕಿಸ್ಕೊಂಡು, ಇದೊಂದನ್ನ ಕೆತ್ತಿ ತಂದೆ."

ಆರುಚ್ಚಾಮಿ ಹಣ್ಣನ್ನು ಮುಟ್ಟಲಿಲ್ಲ. ಹೊರಗೆ ಅಂಗಳದಲ್ಲಿ ಕಾರು ಒರೆಸುತ್ತಿದ್ದ ಆಳನ್ನು ಕೂಗಿ, "ಲೇ, ಉಕ್ಕಡಂ ತನಕ ಹೋಗಿ ಬ್ಯಾಟರಿ ನೀರು ತಗೊಂಡು ಬಾ" ಎಂದ. ಆಳಿನ ಕಾಲ ಬುಡದಲ್ಲೇ ಬ್ಯಾಟರಿ ನೀರಿನ ಎರಡು ಕ್ಯಾನು ಇದ್ದದ್ದನ್ನು ಮರಗದಂ ನೋಡಿದಳು. ನೋಡುವುದೇ ಅವಳ ಕಸುಬು. ಇಪ್ಪತ್ತೆಂಟು ವರ್ಷ ಪೊಲೀಸಿನಲ್ಲಿ ದುಡಿದು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು, ಈಗ ಸೀಟ್ ಕವರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಜನರ ಕಳವು, ಮೋಸ, ಕಣ್ಮರೆಗಳ ಜಾಡು ಹಿಡಿಯುತ್ತಿದ್ದಳು. ಆದರೆ ಇವತ್ತು ಜಾಡು ತನ್ನನ್ನು ಒಡಹುಟ್ಟಿದ ಅಣ್ಣನ ಹಳೇ ಕಾರು ವ್ಯಾಪಾರದ ಅಂಗಳಕ್ಕೇ ತಂದು ನಿಲ್ಲಿಸುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಮೇಷ್ಟ್ರು ಒಂದು ಸಂಜೆ ಆ ಶೆಡ್ಡಿನಲ್ಲಿ ತಲೆ ಒಡೆದು ಸತ್ತು ಇಪ್ಪತ್ತೆಂಟು ದಿನವಾಗಿತ್ತು. ಹೆಣದ ಪಕ್ಕದಲ್ಲಿ ಬಿದ್ದಿದ್ದ ಜಾಕ್ ರಾಡಿನ ಮೇಲೆ ಮೆಕ್ಯಾನಿಕ್ ರಾಯಪ್ಪನ್ ಬೆರಳಚ್ಚು ಸಿಕ್ಕಿ, ಅವನು ಜೈಲು ಸೇರಿದ್ದ. ನಾಳೆ ಆರೋಪಪಟ್ಟಿ ಕೋರ್ಟಿಗೆ ಹೋಗುವುದಿತ್ತು. ಅರವತ್ತು ದಾಟಿದ ರಾಯಪ್ಪನ್ ಒಮ್ಮೆ ಒಳಗೆ ಉಳಿದರೆ ಮತ್ತೆ ಹೊರಗೆ ಬರುವುದು ಚಟ್ಟದ ಮೇಲೆಯೇ.

"ಊಟ ಆಯ್ತಾ?" ಎಂದು ಆರುಚ್ಚಾಮಿ ಕ್ಯಾರಿಯರ್ ಮುಂದೆ ತಳ್ಳಿದ. "ನಿನ್ನ ಅತ್ತಿಗೆ ಅಕ್ಕಿಬೇಳೆ ಅನ್ನ ಕಳಿಸಿದ್ದಾಳೆ. ಬಿಸಿ ಇದೆ, ತುಪ್ಪ ಹಾಕ್ಕೊಂಡು ತಿನ್ನು ಅಮ್ಮಿಣಿ."

ಅವನು ಅವಳನ್ನು ಅಮ್ಮಿಣಿ ಎಂದು ಕರೆಯುತ್ತಿದ್ದುದು ಅವಳು ತೊಟ್ಟಿಲಲ್ಲಿದ್ದಾಗಿನಿಂದ. ಆ ಕರೆಗೆ ಇವತ್ತೂ ಅವಳ ಕೈ ಕ್ಯಾರಿಯರಿನ ಕಡೆ ಹೋಯಿತು. ಅದಕ್ಕೇ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು.

"ಹಸಿವಿಲ್ಲ. ಪೊಲೀಸರಿಗೆ ನೀನು ಕೊಟ್ಟ ಹೇಳಿಕೆ ಓದಿದೆ. ಏನು ಬರೆಸಿದ್ದೀಯ ನೆನಪಿದೆಯಾ?"

"ಇದ್ದದ್ದನ್ನೇ ಬರೆಸಿದ್ದೀನಿ. ಕಾರು ನಾಲ್ಕು ತಿಂಗಳಿಂದ ಕೆಟ್ಟು ನಿಂತಿತ್ತು. ಪಂಪ್ ಹೋಗಿದೆ, ರಿಪೇರಿ ಮಾಡಿಸೋದಕ್ಕಿಂತ ಮಾರೋದೇ ವಾಸಿ ಅಂತ ರಾಯಪ್ಪನ್ ಹೇಳಿದ್ದನಂತೆ. ಮೇಷ್ಟ್ರು ಹಳೇ ಕಬ್ಬಿಣದ ರೇಟಿಗೆ ಕೊಟ್ಟರು. ಆವತ್ತೇ ಮಧ್ಯಾಹ್ನ ನಾಲ್ಕಕ್ಕೆ ಎಳೆಯೋ ಗಾಡಿಗೆ ಕಟ್ಟಿ ಇಲ್ಲಿಗೆ ತಂದೆ. ಮೂರು ದಿನ ಬಿಟ್ಟು ಬಾನೆಟ್ ಎತ್ತಿ ನೋಡಿದ್ರೆ ಪಂಪ್ ಚೆನ್ನಾಗೇ ಇದೆ, ಬರೀ ರಿಲೇ ಸುಟ್ಟಿತ್ತು. ನನ್ನ ಅದೃಷ್ಟ."

ರಿಲೇ ಅಂದರೆ ಬೆಂಕಿಪೊಟ್ಟಣದ ಅರ್ಧದಷ್ಟಿರುವ ಒಂದು ಕರಿ ಡಬ್ಬಿ. ಅದನ್ನು ಕಿತ್ತು ಸುಟ್ಟದ್ದೊಂದನ್ನು ಸಿಕ್ಕಿಸಿದರೆ, ಎಂಥ ಗಟ್ಟಿ ಕಾರೂ ಹೆಣದ ಹಾಗೆ ಬಿದ್ದಿರುತ್ತದೆ. ಸರಿಯಾದದ್ದನ್ನು ಮತ್ತೆ ಸಿಕ್ಕಿಸಲು ಎರಡು ನಿಮಿಷ ಸಾಕು. ಆರುಚ್ಚಾಮಿಯ ಅದೃಷ್ಟವೋ ವಿಪರೀತ. ಅವನು ಕೊಂಡ ಯಾವ ಸತ್ತ ಕಾರಿಗೂ ದೊಡ್ಡ ರೋಗವಿರುತ್ತಿರಲಿಲ್ಲ. ಒಂದಕ್ಕೆ ಸಡಿಲವಾದ ವೈರು, ಇನ್ನೊಂದಕ್ಕೆ ಗಾಳಿ ಹೋಗುವ ಕೊಳವೆಯಲ್ಲಿ ಸಿಕ್ಕ ಚಿಂದಿ ಬಟ್ಟೆ, ಮತ್ತೊಂದಕ್ಕೆ ಫ್ಯೂಸು. ಅಣ್ಣನ ಕೈಗುಣ ಎಂದು ಮರಗದಂ ಎಷ್ಟೋ ಜನರ ಮುಂದೆ ಹೊಗಳಿದ್ದಳು.

"ಎಳೆಸ್ಕೊಂಡು ಬರೋ ಗಾಡಿಗೆ ನಿಂಬೆಹಣ್ಣು ಇಡ್ತೀಯಾ ನೀನು?"

ಆರುಚ್ಚಾಮಿ ಕ್ಯಾರಿಯರಿನ ಮುಚ್ಚಳ ಬಿಗಿ ಮಾಡಿದ.

"ಹೇಳಣ್ಣ. ನೀನೇ ಅಲ್ವಾ ಗಿರಾಕಿಗಳಿಗೆ ಹೇಳೋದು, ಹಗ್ಗ ಕಟ್ಟಿ ಎಳೆಸ್ಕೊಳ್ಳೋ ಗಾಡಿಗೆ ನಿಂಬೆಹಣ್ಣು ಯಾಕೆ, ಹೆಣಕ್ಕೆ ಯಾರಾದ್ರೂ ಆರತಿ ಎತ್ತುತ್ತಾರಾ ಅಂತ? ಇಂಜಿನ್ ಓಡಿ, ಗಾಡಿ ತನ್ನ ಕಾಲ ಮೇಲೆ ತಾನು ಹೊರಡುವಾಗ್ಲೇ ನೀನು ನಿಂಬೆಹಣ್ಣು ಇಡೋದು. ನಾಲ್ಕು ಚಕ್ರಕ್ಕೆ ನಾಲ್ಕು. ಅದಿಲ್ಲದೆ ನೀನು ಗೇರ್ ಮುಟ್ಟಲ್ಲ. ಅಪ್ಪ ಕಲಿಸಿದ್ದು."

ಅಪ್ಪ ಲಾರಿ ಓಡಿಸುತ್ತಿದ್ದ. ಹದಿನೇಳರ ಆರುಚ್ಚಾಮಿ ಒಂದು ಸಲ ಹೊಸದಾಗಿ ಬಂದ ಲಾರಿಯನ್ನು ನಿಂಬೆಹಣ್ಣಿಲ್ಲದೆ ಹೊರಡಿಸಿದ್ದಕ್ಕೆ, ಅಪ್ಪ ಬೀದಿಯಲ್ಲೇ ಅವನ ಬೆನ್ನ ಮೇಲೆ ಬೆಲ್ಟು ಆಡಿಸಿದ್ದ. ಅಂದು ರಾತ್ರಿ ಆ ಬೆನ್ನಿಗೆ ಎಣ್ಣೆ ಸವರಿದವಳು ಮರಗದಂ. ಅಂದಿನಿಂದ ಇವನ ಹಳದಿ ಬಟ್ಟೆಯ ಚೀಲದಲ್ಲಿ ನಿಂಬೆಹಣ್ಣು, ಕುಂಕುಮ, ಕರ್ಪೂರ ಇಲ್ಲದ ದಿನವೇ ಇರಲಿಲ್ಲ. ಈಗಲೂ ಆ ಚೀಲ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು.

"ಮೇಷ್ಟ್ರೇ ಇಟ್ಟಿರಬಹುದು."

"ಮೇಷ್ಟ್ರು ಕರಿ ಅಂಗಿಯ ನಾಸ್ತಿಕರು. ಮನೇಲಿ ಹುಡುಕಿದ್ರೂ ಒಂದು ದೇವರ ಪಟ ಇಲ್ಲ. ಹೆಂಡತಿ ಸತ್ತಾಗ ತಲೆ ಹತ್ರ ದೀಪ ಹಚ್ಚೋದಕ್ಕೂ ಬಿಡಲಿಲ್ಲವಂತೆ ಆ ಮನುಷ್ಯ. ಅವರು ಕುಂಕುಮ ಹಚ್ಚಿ ನಿಂಬೆಹಣ್ಣು ಇಟ್ಟರಾ?"

"ಹಾಗಾದ್ರೆ ರಾಯಪ್ಪನ್."

"ಕೊರಳಲ್ಲಿ ಶಿಲುಬೆ, ಭಾನುವಾರ ತಪ್ಪದೆ ಚರ್ಚು. ಅವನ ಗ್ಯಾರೇಜಲ್ಲಿ ಮೂವತ್ತು ವರ್ಷದಲ್ಲಿ ಒಂದು ನಿಂಬೆಹಣ್ಣು ನೋಡಿದ್ದೀಯಾ?"

"ನೀನು ಪೊಲೀಸ್ ಕೆಲಸ ಬಿಟ್ಟರೂ ಪೊಲೀಸ್ ಬುದ್ಧಿ ಬಿಟ್ಟಿಲ್ಲ" ಎಂದು ಆರುಚ್ಚಾಮಿ ನಗಲು ನೋಡಿದ. ನಗು ತುಟಿಯಿಂದ ಮುಂದೆ ಹೋಗಲಿಲ್ಲ.

"ಎಳೆಯೋ ಗಾಡಿಯವನನ್ನೂ ಕಂಡು ಬಂದೆ. ಆವತ್ತು ಸುಂದರಾಪುರಂ ಹತ್ರ ಅವನ ಗಾಡೀದೇ ಆಕ್ಸಲ್ ಮುರಿದಿತ್ತಂತೆ. ಮೇಷ್ಟ್ರ ಬೀದಿಗೇ ಬಂದಿಲ್ಲ. ಕಾರು ಹೇಗೆ ಬಂತಣ್ಣ ಇಲ್ಲಿಗೆ? ಹಾರಿಕೊಂಡು ಬಂತಾ?"

ಕಿಟಕಿಯಾಚೆ ಆ ಬಿಳಿ ಡೀಸೆಲ್ ಕಾರು ಮೈ ತೊಳೆದುಕೊಂಡು ನಿಂತಿತ್ತು. ಗಾಜಿನ ಮೇಲೆ 'ಮಾರಾಟಕ್ಕೆ' ಎಂಬ ಚೀಟಿ ಅಂಟಿಸಿದ್ದರು. ಅದರ ಹಿಂದೆ ಇನ್ನೂ ಏಳೆಂಟು ಕಾರುಗಳು ದೂಳು ಹೊದ್ದು ಸಾಲಾಗಿ ನಿಂತಿದ್ದವು. ಒಂದೊಂದರ ಹಿಂದೆಯೂ ಒಬ್ಬ ಪೆದ್ದನಾದ ಮಾಲೀಕನಿದ್ದಾನೆ ಎಂದು ಮರಗದಂಗೆ ಈಗ ಗೊತ್ತಿತ್ತು. ಗೊತ್ತಾಗಿದ್ದು ತಡವಾಗಿ.

ಆರುಚ್ಚಾಮಿ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತ.

"ಮಾರನೇ ದಿನ ಆಡಿ ತಿಂಗಳು ಹುಟ್ಟೋದಿತ್ತು" ಎಂದ ತಗ್ಗಿದ ದನಿಯಲ್ಲಿ. "ಆಡಿಯಲ್ಲಿ, ಆ ಅಶುಭದ ತಿಂಗಳಲ್ಲಿ, ನಾನು ಒಂದು ಸ್ಪ್ಯಾನರೂ ಕೊಳ್ಳೋದಿಲ್ಲ, ನಿನಗೇ ಗೊತ್ತು. ಆವತ್ತು ಬಿಟ್ಟರೆ ಇನ್ನೊಂದು ತಿಂಗಳು. ಅಷ್ಟರಲ್ಲಿ ಮೇಷ್ಟ್ರು ಬೇರೆ ಮೆಕ್ಯಾನಿಕ್ಕಿಗೆ ತೋರಿಸಿದ್ರೆ? ಎಳೆಯೋ ಗಾಡಿಯವನು ಕೈ ಕೊಟ್ಟ. ರಾಯಪ್ಪನ್‌ಗೆ ಫೋನ್ ಮಾಡಿ, ರಿಲೇ ತಗೊಂಡು ಬಾ ಅಂದೆ."

"ಅಂದ್ರೆ ಸುಟ್ಟ ರಿಲೇ ಹಾಕಿದ್ದೂ ಅವನೇ."

"ನಾನು ಹೇಳಿದ್ದಕ್ಕೆ. ನೀನೇನು ಅವನನ್ನ ಸಂತ ಅಂದ್ಕೊಂಡಿದ್ದೀಯಾ? ನಾಲ್ಕು ವರ್ಷದಿಂದ ಅವನು ಕೆಡಿಸ್ತಾನೆ, ನಾನು ಕೊಳ್ತೀನಿ."

ಮರಗದಂ ಕೇಳಿಸಿಕೊಂಡಳು. ರಾಯಪ್ಪನ್ ಹೆಂಡತಿಗೆ ಹೆರಿಗೆ ನೋವು ಬಂದ ದಿನ ಊರೆಲ್ಲ ಬಂದ್ ಆಗಿತ್ತು. ಪೊಲೀಸ್ ಜೀಪಿನಲ್ಲಿ ಅವಳನ್ನು ಆಸ್ಪತ್ರೆಗೆ ಮುಟ್ಟಿಸಿದವಳು ಮರಗದಂ. ಆ ಋಣಕ್ಕೆ ರಾಯಪ್ಪನ್ ಅವಳನ್ನು ಇಂದಿಗೂ 'ತಾಯೀ' ಎಂದೇ ಕರೆಯುತ್ತಿದ್ದ. ಅವನು ಇಂಥವನು ಎಂದು ತಿಳಿದದ್ದು ಅವಳಿಗೆ ಕಷಾಯ ಕುಡಿದ ಹಾಗಾಯಿತು. ಮೋಸ ಮಾಡಿದ್ದಾನೆ, ಸರಿ. ಆದರೆ ಕೊಲೆಗೆ ಬೇರೆಯೇ ಕೈ ಬೇಕು.

"ಮುಂದೆ?"

"ಮೇಷ್ಟ್ರು ಪತ್ರಕ್ಕೆ ಸಹಿ ಹಾಕಿ, ಆರ್‌ಸಿ ಪುಸ್ತಕ ತರ್ತೀನಿ ಅಂತ ಒಳಗೆ ಹೋದ್ರು. ಹೊತ್ತು ಹಿಡಿಯುತ್ತೆ ಅಂದ್ಕೊಂಡೆ. ರಾಯಪ್ಪನ್ ರಿಲೇ ಸಿಕ್ಕಿಸಿ ಕೀಲಿ ತಿರುಗಿಸಿದ, ಇಂಜಿನ್ ಎದ್ದುಬಿಡ್ತು. ತಿರುಗಿ ನೋಡ್ತೀನಿ, ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದಾರೆ."

"ಏನಂದ್ರು?"

ಆರುಚ್ಚಾಮಿ ಕಿಟಕಿಯಾಚೆಯ ಬಿಳಿ ಕಾರಿನ ಕಡೆ ತಿರುಗಿದ. "ಕೂಗಾಡಲಿಲ್ಲ. ಅದೇ ತಪ್ಪಾಯ್ತು. 'ಈ ನಾಲ್ಕು ತಿಂಗಳು ನನ್ನ ಹೆಂಡತೀನ ವಾರಕ್ಕೆ ಎರಡು ಸಲ ಬಸ್ಸಲ್ಲಿ ನಿಲ್ಲಿಸ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋದೆ. ಕೊನೇ ದಿನ ಬಸ್ಸು ಸಿಗಲಿಲ್ಲ. ಎರಡು ನಿಮಿಷದ ಕೆಲಸವಾಗಿತ್ತೇನಪ್ಪಾ ಇದು?' ಅಂದ್ರು."

ಮರಗದಂಗೆ ಅಣ್ಣನ ಮುಖ ನೋಡಲಾಗಲಿಲ್ಲ. ಮೇಜಿನ ಮೇಲಿನ ನಿಂಬೆಹಣ್ಣನ್ನೇ ನೋಡಿದಳು.

"ಆಮೇಲೆ ರಾಯಪ್ಪನ್ ಕೊರಳಪಟ್ಟಿ ಹಿಡಿದ್ರು. ಪೊಲೀಸಿಗೆ ಹೋಗ್ತೀನಿ ಅಂದ್ರು. ಅವರಿಬ್ಬರೂ ಜಗಳ ಆಡ್ತಿದ್ದಾಗ ನಾನು ಕಾರು ತಗೊಂಡು ಬಂದುಬಿಟ್ಟೆ. ಹಿಂದೆ ಏನಾಯ್ತೋ ನನಗೆ ಗೊತ್ತಿಲ್ಲ. ಇಷ್ಟೇ ನಿಜ."

"ನಿಂಬೆಹಣ್ಣು ಯಾವಾಗ ಇಟ್ಟೆ?"

"ಹೊರಡುವಾಗ."

"ಮೇಷ್ಟ್ರು ಕೊರಳಪಟ್ಟಿ ಹಿಡ್ಕೊಂಡು ಪೊಲೀಸು ಪೊಲೀಸು ಅಂತಿರುವಾಗ, ನೀನು ಚೀಲ ಬಿಚ್ಚಿ, ಕುಂಕುಮ ಹಚ್ಚಿ, ನಾಲ್ಕು ಚಕ್ರಕ್ಕೂ ಬಗ್ಗಿ ಬಗ್ಗಿ ನಿಂಬೆಹಣ್ಣು ಇಟ್ಟೆ. ಅವರು ನೋಡ್ತಾ ನಿಂತಿದ್ರು. ಕಾರಿಗೆ ಅಡ್ಡ ಬರಲಿಲ್ಲ, ಕೀಲಿ ಕಿತ್ಕೊಳ್ಳಲಿಲ್ಲ. ನಿನ್ನ ಮಂಡಿ ನೋವಿಗೆ ಒಂದು ಸಲ ಬಗ್ಗಿ ಏಳೋಕೇ ಅರ್ಧ ನಿಮಿಷ ಬೇಕು. ಇದನ್ನ ನಾನು ನಂಬಬೇಕಾ?"

ಆರುಚ್ಚಾಮಿಯ ಕೈ ತಾನಾಗಿಯೇ ಮಂಡಿಯ ಮೇಲೆ ಹೋಯಿತು.

"ಅವರು ನೋಡ್ತಿರಲಿಲ್ಲ ಅಣ್ಣ." ಅವಳು ನಿಂಬೆಹಣ್ಣಿನ ಮೇಲೆ ಬೆರಳಿಟ್ಟಳು. "ಅವರು ಅಲ್ಲೇ ನೆಲದ ಮೇಲೆ ಬಿದ್ದಿದ್ರು. ಉಸಿರಿತ್ತೋ ಹೋಗಿತ್ತೋ, ನಿನಗೇ ಗೊತ್ತು. ಕಾರಲ್ಲಿ ಹಾಕ್ಕೊಂಡು ಹೋಗಿದ್ರೆ ಆಸ್ಪತ್ರೆ ಹತ್ತು ನಿಮಿಷದ ದಾರಿ. ನೀನು ಅವರ ಪಕ್ಕ ಬಗ್ಗಿ ನಿಂಬೆಹಣ್ಣು ಇಟ್ಟೆ."

"ಕೈಗೆ ಸಿಕ್ಕಿದ್ದು ಎತ್ತಿದೆ" ಎಂದ ಆರುಚ್ಚಾಮಿ. ಅಷ್ಟು ಸಲೀಸಾಗಿ ಹೇಳಿಬಿಡುತ್ತಾನೆಂದು ಅವಳು ಎಣಿಸಿರಲಿಲ್ಲ. "ರಾಯಪ್ಪನ್‌ದೇ ರಾಡು. ಬಾಯಿ ಮುಚ್ಚಿಸೋಕೆ ಒಂದೇ ಒಂದು ಏಟು. ಕೈ ಒರೆಸೋ ಬಟ್ಟೆ ಕೈಲೇ ಇತ್ತು, ಅದಕ್ಕೇ ನನ್ನ ಬೆರಳು ಮೂಡಲಿಲ್ಲ. ನಿಂಬೆಹಣ್ಣು... ಅದು ಯಾಕೆ ಇಟ್ಟೆ ಅಂತ ನನಗೂ ಗೊತ್ತಿಲ್ಲ. ಕೈ ತಾನೇ ಇಡ್ತು."

ಮರಗದಂ ಎದ್ದು ನಿಂತಳು. ಅಳಬೇಕೋ ಅವನ ಕೆನ್ನೆಗೆ ಬಾರಿಸಬೇಕೋ ತಿಳಿಯದೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನಡಿ. ಇನ್ಸ್‌ಪೆಕ್ಟರ್ ತಂಗವೇಲು ಹತ್ರ ಹೋಗೋಣ. ನೀನಾಗೇ ಬಂದ್ರೆ ಅಷ್ಟರ ಮಟ್ಟಿಗೆ ಒಳ್ಳೇದು."

"ಕೂತ್ಕೋ ಅಮ್ಮಿಣಿ. ಇನ್ನೊಂದು ಇದೆ. ನೋಡಿ ಆಮೇಲೆ ಕರ್ಕೊಂಡು ಹೋಗು."

ಅವನು ಕಬ್ಬಿಣದ ಬೀರು ತೆಗೆದು ಒಂದು ದಪ್ಪ ಕಡತ ತಂದ. ಮೇಲಿನ ಹಾಳೆಯನ್ನು ಎಳೆದು ಅವಳ ಮುಂದೆ ಇಟ್ಟ. ಅದು ಮೇಷ್ಟ್ರ ಕಾರಿನ ಮಾರಾಟದ ಪತ್ರ. ಆಡಿಯ ಹಿಂದಿನ ದಿನದ ತಾರೀಖು, ಹೇಳಿಕೆಯ ನಾಲ್ಕಲ್ಲ, ಸಂಜೆ ಐದೂವರೆ ಗಂಟೆ, ಸ್ಥಳ ಮೇಷ್ಟ್ರ ಮನೆ ಎಂದು ಬರೆದಿತ್ತು. 'ಈ ಕೆಳಗೆ ಸಹಿ ಮಾಡಿರುವ ಸಾಕ್ಷಿಯ ಸಮಕ್ಷಮದಲ್ಲಿ ವಾಹನ ಪರೀಕ್ಷಿಸಿ, ಅದು ನಡೆಯುವ ಸ್ಥಿತಿಯಲ್ಲಿಲ್ಲವೆಂದು ಒಪ್ಪಿ' ಎಂಬ ಸಾಲಿನ ಕೆಳಗೆ ಕುಪ್ಪುರಾಜು ಮೇಷ್ಟ್ರ ಸಹಿ ಇತ್ತು.

ಅದರ ಪಕ್ಕದಲ್ಲಿ ಸಾಕ್ಷಿಯ ಸಹಿ. ದುಂಡನೆಯ ಅಕ್ಷರ, ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆ ಸುತ್ತಿ ಎಳೆದ ಗೆರೆ. ಮರಗದಂ, ಹೆಡ್ ಕಾನ್‌ಸ್ಟೇಬಲ್, ನಿವೃತ್ತ.

ಬೆಳಿಗ್ಗೆ ಜೈಲಿನಲ್ಲಿ ಕಂಡ ರಾಯಪ್ಪನ್ ಅವಳಿಗೆ ನೆನಪಾದ. ಎಷ್ಟು ಕೇಳಿದರೂ ಅವನು ಬಾಯಿ ಬಿಟ್ಟಿರಲಿಲ್ಲ. ಮುಖ ತಿರುಗಿಸಿಕೊಂಡು ಒಂದೇ ಮಾತು ಹೇಳಿದ್ದ: "ನಿನ್ನ ಕೈಬರಹ ತುಂಬಾ ಚಂದ ತಾಯೀ. ಮೇಷ್ಟ್ರೂ ಅದನ್ನೇ ಅಂದ್ರು." ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡು ಅವಳು ಎದ್ದು ಬಂದಿದ್ದಳು. ಮೇಷ್ಟ್ರನ್ನು ಅವಳು ಜೀವಮಾನದಲ್ಲಿ ಕಂಡವಳಲ್ಲ.

ಈಗ ಅರ್ಥವಾಯಿತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಇಲ್ಲಿಗೆ ಬಂದಾಗಲೆಲ್ಲ ಅಣ್ಣ ಒಂದು ಕಟ್ಟು ಖಾಲಿ ಪತ್ರ ಮುಂದಿಡುತ್ತಿದ್ದ. ಒಂದೊಂದು ಗಾಡಿಗೂ ಸಾಕ್ಷಿ ಎಂದು ಓಡಾಡುವುದಕ್ಕೆ ಆಗುತ್ತದಾ, ಸಹಿ ಹಾಕಿಡು ಎನ್ನುತ್ತಿದ್ದ. ಈ ವ್ಯಾಪಾರದಲ್ಲಿ ಎಲ್ಲರೂ ಮಾಡುವುದೇ. ಅವಳು ಚಹಾ ಕುಡಿಯುತ್ತ, ಅತ್ತಿಗೆಯ ಜೊತೆ ಹರಟುತ್ತ, ಪೊರಕೆ ಕಡ್ಡಿ ಮುರಿದಷ್ಟು ಸುಲಭವಾಗಿ ಸಹಿ ಹಾಕಿ ಬಿಸಾಕುತ್ತಿದ್ದಳು. ಬೇರೆಯವರು ಖಾಲಿ ಕಾಗದಕ್ಕೆ ಸಹಿ ಹಾಕಿದರೆ ಠಾಣೆಯಲ್ಲಿ ಕೂರಿಸಿ ಬೈಯುತ್ತಿದ್ದವಳೂ ಅವಳೇ.

"ಮೇಷ್ಟ್ರು ಮೊದಲು ಅನುಮಾನ ಪಟ್ಟರು" ಎಂದ ಆರುಚ್ಚಾಮಿ. "ಪತ್ರದಲ್ಲಿ ನಿನ್ನ ಹೆಸರು ನೋಡಿ, ಪೊಲೀಸ್ ಹೆಣ್ಣುಮಗಳು ಸಾಕ್ಷಿ ಹಾಕಿದ ಮೇಲೆ ಇನ್ನೇನು, ಅಕ್ಷರ ಎಷ್ಟು ಚಂದ ಇದೆ ಅಂತ ಸಹಿ ಹಾಕಿದ್ರು. ಎಲ್ಲರೂ ಹಾಗೇ." ಅವನು ಕಡತದ ಮೇಲೆ ಕೈ ಬಡಿದ. "ಇದರಲ್ಲಿರೋ ಪ್ರತಿಯೊಂದರಲ್ಲೂ ನೀನಿದ್ದೀಯ. ನಿನ್ನ ಹೆಸರು ನೋಡಿ ಕೊಟ್ಟವರೇ ಎಲ್ಲ."

"ಆವತ್ತು ನಾನು ಅಲ್ಲಿರಲಿಲ್ಲ."

"ಎಲ್ಲಿದ್ದೆ?"

"ಮನೇಲಿ."

"ಯಾರ ಜೊತೆ?"

ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅವಳ ಜೊತೆ ಇದ್ದದ್ದು ಟೀವಿಯೊಂದೇ.

"ನೋಡು" ಎಂದ ಅಣ್ಣ ಮೆತ್ತಗೆ. ಬಾಲ್ಯದಲ್ಲಿ ಅವಳಿಗೆ ಲೆಕ್ಕ ಹೇಳಿಕೊಡುತ್ತಿದ್ದ ದನಿ ಅದೇ. "ನಿಂಬೆಹಣ್ಣು ಏನು ಹೇಳುತ್ತೆ? ಕಾರು ಅಲ್ಲಿಂದ ಓಡಿಕೊಂಡೇ ಬಂತು ಅನ್ನುತ್ತೆ. ಈ ಪತ್ರ ಏನು ಹೇಳುತ್ತೆ? ಕಾರು ಓಡಲ್ಲ ಅನ್ನೋದಕ್ಕೆ ನೀನು ಅಲ್ಲೇ ನಿಂತು ಸಾಕ್ಷಿ ಹೇಳ್ದೆ ಅನ್ನುತ್ತೆ. ನೀನು ಒಂದನ್ನ ಕೊಟ್ಟರೆ ನಾನು ಇನ್ನೊಂದನ್ನ ಕೊಡಲೇಬೇಕಾಗುತ್ತೆ. ಇದನ್ನ ರಾಯಪ್ಪನ್‌ಗೆ ತೋರಿಸಿದ್ದೆ. ಬಾಯಿ ಬಿಟ್ಟರೆ ತಾಯೀನೂ ಒಳಗೆ ಹೋಗ್ತಾಳೆ ಅಂದೆ. ಅದಕ್ಕೇ ಸುಮ್ಮನಿದ್ದಾನೆ ಪಾಪ."

"ಪಾಪ ಅಂತೀಯಲ್ಲ, ನಾಲಿಗೆ ಹೇಗೆ ತಿರುಗುತ್ತಣ್ಣ ನಿನಗೆ?"

"ಅಸಲಿ ಪತ್ರ ಇದೊಂದೇ. ತಗೋ, ನಿನ್ನ ಕೈಲೇ ಇರಲಿ. ನೀನು ನಿಂಬೆಹಣ್ಣು ಮರೆತರೆ ಇದನ್ನ ಸುಟ್ಟುಬಿಡಬಹುದು."

ಅಷ್ಟರಲ್ಲಿ ಅವಳ ಚೀಲದಲ್ಲಿದ್ದ ಫೋನು ಬಡಿದುಕೊಂಡಿತು. ಇನ್ಸ್‌ಪೆಕ್ಟರ್ ತಂಗವೇಲು. ಹುಡುಕಿದ್ದು ಸಿಕ್ಕಿತು, ಆರೋಪಪಟ್ಟಿ ಒಂದು ದಿನ ತಡೆಯಿರಿ ಎಂದು ಹೇಳಲು ಬೆಳಿಗ್ಗೆಯಿಂದ ಅವಳು ಅವನಿಗೆ ಮೂರು ಸಲ ಫೋನ್ ಮಾಡಿದ್ದಳು.

"ಹೇಳಿ ಮರಗದಂ, ಫೋನ್ ಮಾಡಿದ್ರಂತೆ?"

"ಸಾರ್, ರಾಯಪ್ಪನ್ ಕೇಸಲ್ಲಿ..."

"ಅದು ಮುಗೀತಮ್ಮ. ಒಪ್ಕೊಂಡುಬಿಟ್ಟ. ನೀವು ನೋಡಿ ಬಂದ ಒಂದು ಗಂಟೆಗೆ ಜೈಲರ್‌ಗೆ ಬರೆದುಕೊಟ್ಟಿದ್ದಾನೆ. ನಾನೇ ಹೊಡೆದೆ, ನಾನೊಬ್ಬನೇ ಇದ್ದೆ, ನಾಳೆ ಬೆಳಿಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ಹೇಳ್ತೀನಿ ಅಂತ."

ಮರಗದಂ ಕುರ್ಚಿಯ ಕೈ ಹಿಡಿದುಕೊಂಡಳು. ಅವನ ಬಾಯಿ ಬಿಡಿಸುತ್ತೇನೆಂದು ಹೋದವಳು ತಾನು. ಇಂದೋ ನಾಳೆಯೋ ಎಲ್ಲ ಹೊರಗೆ ಬರುತ್ತದೆ, ನೋಡುತ್ತಿರು ಎಂದು ಅವನಿಗೆ ಧೈರ್ಯ ಹೇಳಿ ಬಂದವಳೂ ತಾನೇ. ಆ ಧೈರ್ಯಕ್ಕೆ ಹೆದರಿಯೇ ಮುದುಕ ಕೊರಳು ಕೊಟ್ಟಿದ್ದ.

"ಒಂದೇ ಒಂದು ವಿಚಿತ್ರ" ಎಂದ ತಂಗವೇಲು. "ಕೊನೇಲಿ ಒಂದು ಸಾಲು ಬರೆದಿದ್ದಾನೆ. 'ಮರಗದಂ ತಾಯಿಗೂ ಇದಕ್ಕೂ ಸಂಬಂಧವಿಲ್ಲ' ಅಂತ. ನಿಮ್ಮನ್ನ ಯಾರೂ ಕೇಳಿರಲೇ ಇಲ್ಲವಲ್ಲಮ್ಮ. ಈ ಕೇಸಲ್ಲಿ ನಿಮ್ಮ ಹೆಸರು ಯಾಕೆ ಬಂತು?"

ಆರುಚ್ಚಾಮಿ ಹಳದಿ ಚೀಲಕ್ಕೆ ಕೈ ಹಾಕಿದ. ಕರ್ಪೂರ ಹಚ್ಚುವ ಬೆಂಕಿಪೊಟ್ಟಣ ತೆಗೆದು, ಮೇಜಿನ ಮೇಲೆ ತಂಗಿಯ ಕಡೆಗೆ ಮೆಲ್ಲಗೆ ಸರಿಸಿದ. ಅದು ನಿಂಬೆಹಣ್ಣಿಗೆ ತಗಲಿ ನಿಂತಿತು.

"ಹಲೋ? ಮರಗದಂ? ಕೇಳಿಸ್ತಿದೆಯಾ?"

ಅವಳ ಎಡಗೈಯಲ್ಲಿ ಪತ್ರವಿತ್ತು. ತನ್ನದೇ ದುಂಡನೆಯ ಅಕ್ಷರಗಳನ್ನು ಅವಳು ಇನ್ನೊಮ್ಮೆ ಓದಿದಳು. ಆಮೇಲೆ ಫೋನನ್ನು ಮೇಜಿನ ಮೇಲಿಟ್ಟು, ಅಣ್ಣನಿಗೂ ಕೇಳುವಂತೆ ಸ್ಪೀಕರ್ ಒತ್ತಿದಳು.

"ಕೇಳಿಸ್ತಿದೆ ಸಾರ್. ಒಂದು ನಿಮಿಷ ಲೈನಲ್ಲೇ ಇರಿ" ಎಂದಳು, ಮತ್ತು ಬೆಂಕಿಪೊಟ್ಟಣ ಕೈಗೆತ್ತಿಕೊಂಡಳು.